ಸಿಟಿಸಿ ಬ್ಯಾಡ, ಕೈಗೆ ಎಷ್ಟು ಬರ್ತೈತಿ ಅದನ್ನ ಹೇಳ್ರಿ

ಮಾನ್ಯ ಸಂಪಾದಕರೇ,

ನಮ್ಮ ಕೊಪ್ಪಳ, ಬಳ್ಳಾರಿ ಕಡೆ ಉದ್ಯೋಗ ಮೇಳ ನಡೆದಾಗ ಸ್ಟಾಲ್ ಮುಂದಿನ ಬೋರ್ಡ್ ನೋಡ್ರಿ, "ಐಟಿಐ, ಡಿಪ್ಲೊಮಾ ಆದವರಿಗೆ ವರ್ಷಕ್ಕೆ 3 ಲಕ್ಷ" ಅಂತ ದೊಡ್ಡದಾಗಿ ಬರೆದಿರ್ತಾರ, ಹುಡುಗ್ರು ಅಲ್ಲೇ ಲೆಕ್ಕ ಹಾಕಿ ತಿಂಗಳಿಗೆ 25 ಸಾವಿರ ಪಗಾರ ಅಂತ ಮನೀಗೆ ಫೋನ್ ಮಾಡಿಬಿಡ್ತಾರ. ಅದು ಪಗಾರ ಅಲ್ರೀ, ಸಿಟಿಸಿ. ಒಬ್ಬ ನೌಕರನ ಸಲುವಾಗಿ ಕಂಪನಿಗೆ ಬೀಳೋ ಒಟ್ಟು ಖರ್ಚು ಅದು.

ನಮ್ಮ ಅಕ್ಕನ ಮಗಗ ಒಂದು ಫ್ಯಾಕ್ಟರಿಯಿಂದ ಆಫರ್ ಲೆಟರ್ ಬಂದಿತ್ತು, ಕೊನೀ ಹಾಳಿಯೊಳಗ ಸಣ್ಣ ಅಕ್ಷರದ ಒಂದು ಪಟ್ಟಿ. ಬೇಸಿಕ್ 12,500. ಕಂಪನಿ ಕಟ್ಟೋ ಪಿಎಫ್ 1,500, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಇಡಿಗಂಟು) 601, ಕಂಪನಿ ಪಾಲಿನ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 650ರ ಮ್ಯಾಲ, ಇನ್ಸೆಂಟಿವ್ ಅಂತ 2,000, ಇಷ್ಟೂ ಆ 25 ಸಾವಿರದ ಒಳಗೇ ಸೇರಿಸ್ಯಾರ! ಉಳಿದ 20 ಸಾವಿರದ ಚಿಲ್ಲರದಾಗ ಮತ್ತ ಹುಡುಗನ ಪಾಲಿನ ಪಿಎಫ್ 1,500, ಇಎಸ್‌ಐ 150, ಬಸ್ಸು ಕ್ಯಾಂಟೀನ್ ಅಂತ ಸಾವಿರದ ಮ್ಯಾಲ ಕಟ್ ಆಗಿ ಕೈಗೆ ಬಂದಿದ್ದು ಹದಿನೇಳೂವರಿ ಸಾವಿರಕ್ಕೂ ಕಡಿಮಿ. 25 ಸಾವಿರ ನಂಬಿ ತೋರಣಗಲ್ಲಿನಾಗ ರೂಮ್ ಮಾಡಿ ಬೈಕ್ ಕಂತು ಹಾಕಿಸ್ಕೊಂಡವನ ಗತಿ ಏನಾಗಬೇಕು?

ಪಿಎಫ್ ನಮ್ಮದೇ ದುಡ್ಡು, ಮುಂದ ಸಿಗ್ತೈತಿ, ಇಎಸ್‌ಐ ಇದ್ರ ದವಾಖಾನಿ ಖರ್ಚು ಉಳಿತೈತಿ, ಅದ್ರಾಗ ತಕರಾರಿಲ್ಲ. ಆದ್ರ ಗ್ರಾಚ್ಯುಟಿ ಪರ್ಮನೆಂಟ್ ನೌಕರಿಯೊಳಗ ಐದು ವರ್ಷ ದುಡಿದವರಿಗೆ ಸಿಗೋದು, ಎರಡು ವರ್ಷಕ್ಕ ಬಿಟ್ಟು ಹೋಗೋ ಹುಡುಗಗ ಅದನ್ನ ಪಗಾರ ಅಂತ ತೋರಿಸೋದು ಸರಿ ಅಲ್ಲ. ಇನ್ಸೆಂಟಿವ್ ಅಂತೂ ಟಾರ್ಗೆಟ್ ಮುಟ್ಟಿದ್ರ ಉಂಟು, ಇಲ್ಲಂದ್ರ ಇಲ್ಲ.

ಇದಕ್ಕಿಂತ ಕೆಟ್ಟದ್ದು ವಾಟ್ಸಾಪ್‌ನಾಗ ಓಡಾಡೋ ಕಾಂಟ್ರ್ಯಾಕ್ಟರ್ ಜಾಹೀರಾತು, "22 ಸಾವಿರ, ರೂಮ್ ಫ್ರೀ" ಅಂತಿರ್ತೈತಿ, ಹೋಗಿ ಕೇಳಿದ್ರ ಅದು ದಿನಾ 12 ತಾಸು ಡ್ಯೂಟಿ ಮಾಡಿದ್ರ, ಅಂದ್ರ ಓಟಿ (ಹೆಚ್ಚಿನ ತಾಸಿನ ದುಡಿಮಿ) ಸೇರಿಸಿ ಹೇಳಿದ ಲೆಕ್ಕ, ಅದೂ ಕಾಯ್ದೆ ಪ್ರಕಾರ ಓಟಿಗೆ ಡಬಲ್ ರೇಟ್ ಕೊಡಬೇಕು, ಕೊಡ್ತಾರೋ ಇಲ್ಲೋ ಪೇಸ್ಲಿಪ್ ಇಲ್ಲದವನಿಗೆ ಹೆಂಗ ಗೊತ್ತಾಗಬೇಕು. ಬಳ್ಳಾರಿ ಜೀನ್ಸ್ ಯುನಿಟ್‌ನಾಗ ಹೊಲಿಯೋರಿಗಾದ್ರೂ ಪೀಸಿಗೆ ಇಷ್ಟು ಅಂತ ಮೊದಲೇ ಮಾತಾಗಿರ್ತೈತಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗ ಎಲ್ಲಾ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಐತಿ. ಚೊಲೊ ಆತು, ಆದ್ರ ಆ ಪತ್ರ ಕೈಗೆ ಬರೋ ಹೊತ್ತಿಗೆ ಹುಡುಗ ಹಳೇ ಕೆಲಸ ಬಿಟ್ಟಿರ್ತಾನ. ಹಂಗಾಗಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯವರು ಮೇಳಕ್ಕ ಬರೋ ಕಂಪನಿಗಳಿಗೆ ಒಂದು ಮಾತು ಕಡ್ಡಾಯ ಮಾಡ್ಲಿ, ಬೋರ್ಡ್ ಮ್ಯಾಲ ಸಿಟಿಸಿ ಪಕ್ಕದಾಗ ಕೈಗೆ ಬರೋ ಮೊತ್ತ, ಡ್ಯೂಟಿ ಎಷ್ಟು ತಾಸು ಅನ್ನೋದೂ ಅಷ್ಟೇ ದೊಡ್ಡದಾಗಿ ಇರಬೇಕು. ನಿಮ್ಮ ಪತ್ರಿಕೆಯ ಕ್ಲಾಸಿಫೈಡ್ ಪುಟಕ್ಕೂ ಇದೇ ನಿಯಮ ಹಾಕ್ರಿ ಅಂತ ಕೇಳ್ಕೋತೀನಿ.

ಒಬ್ಬ ಓದುಗ, ಗಿಣಿಗೇರಾ, ಕೊಪ್ಪಳ ತಾಲ್ಲೂಕು