ಮೀಟಿಂಗಿನಲ್ಲಿ ಸಿಕ್ಕ ನಮ್ಮ ಡಾಕ್ಟರು

ಮಾನ್ಯರೇ,

ಆರೋಗ್ಯ ಸೇವೆಯಲ್ಲಿ ತಾಲ್ಲೂಕುಗಳ ನಡುವಿನ ಅಂತರ ತಗ್ಗಿಸಲು ತುಮಕೂರಿನಲ್ಲಿ ನಡೆದ ಸಭೆಯ ಸುದ್ದಿ, ಫೋಟೊ ಎರಡನ್ನೂ ಪತ್ರಿಕೆಯಲ್ಲಿ ನೋಡಿದೆ. ದೀಪ ಹಚ್ಚುತ್ತಿರುವವರ ಹಿಂದೆ, ಮೂರನೇ ಸಾಲಿನಲ್ಲಿ ನೀಲಿ ಶರ್ಟಿನವರು ಕೂತಿದ್ದಾರಲ್ಲ, ಅವರನ್ನೇ ನಾನು ಮಂಗಳವಾರ ಬೆಳಿಗ್ಗೆ ಒಂಬತ್ತರಿಂದ ಹುಡುಕುತ್ತಿದ್ದೆ. ಅವರು ಪಾವಗಡ ತಾಲ್ಲೂಕಿನ ನಮ್ಮ ಹೋಬಳಿ ಆಸ್ಪತ್ರೆಯ ಡಾಕ್ಟರು. ಇರುವುದೇ ಅವರೊಬ್ಬರು.

ಅಮ್ಮನಿಗೆ 71 ವರ್ಷ. ಶುಗರ್, ಬಿಪಿ ಎರಡೂ ಇವೆ. ಜೀವನವಿಡೀ ಫ್ಲೋರೈಡ್ ನೀರು ಕುಡಿದು ಮಂಡಿ ಮಡಚಲು ಬರುವುದಿಲ್ಲ. ಆಟೊದಲ್ಲಿ ಕಾಲನ್ನು ಹೊರಗೆ ಚಾಚಿಯೇ ಕೂರಬೇಕು. ಬಾಡಿಗೆ 300 ರೂಪಾಯಿ. 'ಸಾಹೇಬ್ರು ಮೀಟಿಂಗ್‌ಗೆ ಹೋಗಿದಾರೆ, ನಾಳೆ ಬನ್ನಿ' ಎಂದರು ಸಿಸ್ಟರ್. ಪಾಪ, ಬಿಪಿ ನೋಡಿ 180 ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆದರೆ ಮಾತ್ರೆ ಬದಲಿಸಲು ಡಾಕ್ಟರೇ ಬೇಕಲ್ಲ? ಅಂಗಡಿ ಬಾಗಿಲು ಹಾಕಿ ಗಡಿ ದಾಟಿ ಆಂಧ್ರದ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಫೀಜು, ಮಾತ್ರೆ ಎಲ್ಲ ಸೇರಿ 1,150. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. ಕಾಯಿಲೆ ಬಂದರೆ ಹಿಂದೂಪುರದ ಬಸ್ಸು, ಓಟು ಬಂದರೆ ಮಾತ್ರ ಕರ್ನಾಟಕ.

'ಕಟ್ಟಕಡೆಯ ವ್ಯಕ್ತಿಗೂ ಸೇವೆ ತಲುಪಬೇಕು' ಎಂದು ಸಭೆಯಲ್ಲಿ ಹೇಳಿದರಂತೆ. ಆ ವ್ಯಕ್ತಿ ಅದೇ ಹೊತ್ತಿಗೆ ಆಸ್ಪತ್ರೆ ಬೆಂಚಿನ ತುದಿಯಲ್ಲಿ ಮಜ್ಜಿಗೆ ಬಾಟಲಿ ಹಿಡಿದು ಕೂತಿದ್ದಳು. ಡಾಕ್ಟರನ್ನು ನಾನು ಬೈಯುವುದಿಲ್ಲ. ಕರೆದರೆ ಹೋಗಬೇಕು, ಹೋಗದಿದ್ದರೆ ನೋಟಿಸು. ಕರೆದವರಿಗೆ ಬುದ್ಧಿ ಬೇಡವೇ?

ಅಂತರ ಎಲ್ಲಿದೆ ಅಂತ ಹುಡುಕಲು ಹೊಸದಾಗಿ ಸಭೆ ಬೇರೆ! ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಪಾವಗಡವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದೆ. ಮಧುಗಿರಿ, ಶಿರಾ, ಗುಬ್ಬಿ, ಕುಣಿಗಲ್ ಕೂಡ ಅಲ್ಲೇ ಇವೆ. ಆ ವರದಿ ಧೂಳು ಕೊಡವಿ ಓದಿದ್ದರೆ ಸಾಕಿತ್ತು, ದೀಪದ ಎಣ್ಣೆಯಾದರೂ ಉಳಿಯುತ್ತಿತ್ತು. ಬಯಲು ಪ್ರದೇಶದಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ಲೆಕ್ಕಕ್ಕೆ ಕಟ್ಟಡ ಸಿಗುತ್ತದೆ. ಮಕ್ಕಳ ಶಾಲೆ ವಿಷಯಕ್ಕೆ ತುಮಕೂರಿನವರೆಗೆ ಹೋಗದಂತೆ ಮಧುಗಿರಿಯನ್ನೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಮಾಡಿದರು. ಕಾಯಿಲೆಗೆ ಜಿಲ್ಲಾಸ್ಪತ್ರೆ ಬೇಕೆಂದರೆ ಮಾತ್ರ ಹೆಚ್ಚುಕಡಿಮೆ 100 ಕಿಲೋಮೀಟರ್ ದೂರದ ತುಮಕೂರೇ ಗತಿ.

ಅಂದಹಾಗೆ, ನಮ್ಮೂರ ಶುದ್ಧ ನೀರಿನ ಘಟಕ ಐದು ರೂಪಾಯಿ ಕಾಯಿನ್ ನುಂಗಿ ಸುಮ್ನೆ ನಿಂತು ಎಂಟು ತಿಂಗಳಾಯಿತು. ಮೂರು ಅರ್ಜಿ ಕೊಟ್ಟಿದ್ದೇನೆ. ಒಬ್ಬರು 'ಅದು ನಮಗೆ ಬರಲ್ಲ' ಅಂದರೆ, ಇನ್ನೊಬ್ಬರು 'ಟೆಂಡರ್ ಮುಗಿದಿದೆ' ಅನ್ನುತ್ತಾರೆ. ಫ್ಲೋರೈಡು ಮಾತ್ರ ಯಾವ ಇಲಾಖೆಯನ್ನೂ ಕೇಳದೆ ನೇರವಾಗಿ ಮೂಳೆಗೆ ಇಳಿಯುತ್ತಿದೆ. ತಿರುಮಣಿಯ ಸೋಲಾರ್ ಪಾರ್ಕ್ ನೋಡಲು ದೊಡ್ಡ ದೊಡ್ಡ ಕಾರುಗಳು ಬರುತ್ತವೆ. ಅವುಗಳಲ್ಲಿ ಒಂದಾದರೂ ದಾರಿ ತಪ್ಪಿ ನಮ್ಮ ಆಸ್ಪತ್ರೆ ಮುಂದೆ ನಿಲ್ಲಬಾರದೇ?

ಮುಂದಿನ ಸಭೆಯನ್ನು ನಮ್ಮ ಹೋಬಳಿಯಲ್ಲೇ ಮಾಡಲಿ. ಇಲ್ಲವೇ ಸಭೆ ಮಾಡುವುದನ್ನೇ ಬಿಡಲಿ. ಕರೆಯಲೇಬೇಕು ಅಂದರೆ ಆ ದಿನದ ಮಟ್ಟಿಗೆ ಬೇರೆ ಡಾಕ್ಟರನ್ನು ಕೂರಿಸಲಿ. ಅದೂ ಆಗದ ಮಹಾನುಭಾವರು ಹಿಂದಿನ ದಿನವೇ ಆಸ್ಪತ್ರೆ ಬಾಗಿಲಿಗೆ ಒಂದು ಚೀಟಿ ಅಂಟಿಸಲಿ, ಆಟೊ ಬಾಡಿಗೆಯಾದರೂ ಉಳಿಯುತ್ತದೆ.

– ನೊಂದ ಓದುಗ, ಪಾವಗಡ ತಾಲ್ಲೂಕು