ಜುಲೈ ತಿಂಗಳ ವ್ರತ

ಜುಲೈ ಬಂದರೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚಳಿ, ಮಳೆ. ಊರಲ್ಲಿ ಆಷಾಢ. ಇಲ್ಲಿನ ನಮ್ಮ ಕನ್ನಡ ಸಂಘಕ್ಕೂ ಕೆಲಸ ಕಮ್ಮಿ. ಈ ಸಲ ಆ ಬಿಡುವಿನಲ್ಲಿ ನಮ್ಮ ಮನೆಯವರೆಲ್ಲ ಸೇರಿ ‘ಪ್ಲಾಸ್ಟಿಕ್ ಫ್ರೀ ಜುಲೈ’ ಮಾಡಿದೆವು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಒಂದು ತಿಂಗಳು ಮನೆಗೆ ತರಬಾರದು, ಅಷ್ಟೇ. ಈಗ ಎಷ್ಟೋ ದೇಶಗಳಲ್ಲಿ ಜನ ಇದನ್ನು ಮಾಡುತ್ತಾರೆ. ಆದರೆ ಹುಟ್ಟಿದ್ದು ನಮ್ಮ ಪರ್ತ್‌ನಲ್ಲೇ. 2011ರಲ್ಲಿ ರೆಬೆಕಾ ಪ್ರಿನ್ಸ್-ರೂಯಿಜ್ ಎಂಬುವರು ಒಂದಷ್ಟು ಜನರನ್ನು ಕಟ್ಟಿಕೊಂಡು ಶುರು ಮಾಡಿದರು.

ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. “ಓ, ಶಾಕವ್ರತ ಇದ್ದ ಹಾಗೆ ಅನ್ನು” ಅಂದರು. ಚಾತುರ್ಮಾಸ್ಯದಲ್ಲಿ ಅವರಿಗೆ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಕಾಳಿಲ್ಲ. ತಿಂಗಳು ಕಳೆದರೆ ಬೆಂಡೆಕಾಯಿ ಗೊಜ್ಜು ಸಿಗುತ್ತದೆ ಅನ್ನುವ ಧೈರ್ಯದ ಮೇಲೆಯೇ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ನಾನೂ ಅದೇ ಧೈರ್ಯದ ಮೇಲೆ ಹೊರಟೆ.

ಕಾಫಿ ಕಪ್ಪು, ಕ್ಯಾರಿಬ್ಯಾಗು ಬಿಡುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ನಮ್ಮ ಅಡುಗೆಮನೆಯಲ್ಲಿ. ತೊಗರಿಬೇಳೆ, ಅವಲಕ್ಕಿ, ಹುರಿಗಡಲೆ, ಕರಿಬೇವು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಹುಟ್ಟಿದ ಹಾಗಿವೆ. ಮೊದಲ ಶನಿವಾರ ಸ್ಟೀಲ್ ಡಬ್ಬಿ ಹಿಡಿದುಕೊಂಡು ಮೈಸೂರು ಪಾಕ್ ತರಲು ಹೋದೆ. ಅಂಗಡಿಯ ಹುಡುಗ ಖುಷಿಯಿಂದ ಒಪ್ಪಿದ. ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ತೂಗಿದ, ಅದನ್ನು ನನ್ನ ಡಬ್ಬಿಗೆ ಸುರಿದ, ಆ ಪ್ಲಾಸ್ಟಿಕ್ ಡಬ್ಬವನ್ನು ಕಸದ ಬುಟ್ಟಿಗೆ ಎಸೆದ. ಏನು ಹೇಳೋದು?

ಫ್ರೀಜರಿನ ತೆಂಗಿನತುರಿಯೂ ವ್ರತಕ್ಕೆ ಆಗದು. ಇಡೀ ತೆಂಗಿನಕಾಯಿ ತಂದೆವು. ಗ್ಯಾರೇಜಿನಲ್ಲಿ ಹಳೇ ಸೀರೆ ಸುತ್ತಿಟ್ಟಿದ್ದ ಈಳಿಗೆಮಣೆ ಹೊರಗೆ ಬಂತು. ನೆಲದ ಮೇಲೆ ಕೂತು ಕಾಯಿ ತುರಿದು ಎಷ್ಟು ವರ್ಷವಾಗಿತ್ತೋ! ಎರಡು ಹೋಳು ತುರಿಯಲು ಇಪ್ಪತ್ತು ನಿಮಿಷ. ಕಂದು ಸಿಪ್ಪೆ ಬೀಳದ ಹಾಗೆ ಅಂಚಿನಲ್ಲಿ ನಿಲ್ಲಿಸಬೇಕು ಅನ್ನುವುದು ತಲೆಗೆ ಮರೆತಿತ್ತು, ಕೈಗೆ ನೆನಪಿತ್ತು. ಮಗಳು ಪಕ್ಕದಲ್ಲೇ ಕೂತು ಹಿಡಿ ಹಿಡಿ ತಿಂದಳು. ಚಟ್ನಿಯ ರುಚಿ ಬೇರೆಯೇ. ಭುಜದ ನೋವೂ ಬೇರೆಯೇ.

ತಪ್ಪಿಸಲಾಗದೆ ಮನೆಗೆ ಬಂದ ಪ್ಲಾಸ್ಟಿಕ್ಕನ್ನೆಲ್ಲ ಒಂದು ಚೀಲದಲ್ಲಿ ಕೂಡಿಡುವ ಪದ್ಧತಿ ಇದೆ. 31ನೇ ತಾರೀಖು ಅದನ್ನು ಅಡುಗೆಮನೆ ನೆಲಕ್ಕೆ ಸುರಿದೆವು. ನಲವತ್ತಮೂರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದಿನಸಿ ಪ್ಯಾಕೆಟ್ಟು. ಆಗಸ್ಟಿನಲ್ಲಿ ತೆಂಗಿನತುರಿ ಮತ್ತೆ ಫ್ರೀಜರಿಗೆ ಬಂತು, ಸುಳ್ಳು ಹೇಳಲಾರೆ. ಶನಿವಾರಕ್ಕೆ ಮಾತ್ರ ಈಳಿಗೆಮಣೆ. ಕುಂಡದಲ್ಲಿ ಒಂದು ಕರಿಬೇವಿನ ಗಿಡ ಇದೆ, ಚಳಿಗೆ ಮುದುಡಿಕೊಂಡು ನಿಂತಿದೆ. ಉಳಿದದ್ದು ಇಷ್ಟೇ.

ಆದರೆ ಒಮ್ಮೆ ಎಣಿಸುವ ಚಟ ಹತ್ತಿದರೆ ಬಿಡುವುದಿಲ್ಲ. ಯುಗಾದಿ ಊಟಕ್ಕೆ ಸಂಘ 300 ನೀರಿನ ಬಾಟಲಿ ತಂದಿತ್ತು. ಮಕ್ಕಳು ಖಾಲಿ ಬಾಟಲಿ ಆಯ್ದು, ಒಂದಕ್ಕೆ ಹತ್ತು ಸೆಂಟಿನ ಹಾಗೆ ವಾಪಸ್ ಕೊಟ್ಟು, 30 ಡಾಲರ್ ತಂದರು. ಸಂಘದ ಇದೇ ಪತ್ರಿಕೆಯಲ್ಲಿ ಅವರ ಫೋಟೋ ಹಾಕಿ ಬೆನ್ನು ತಟ್ಟಿದೆವು. ಆ ಬಾಟಲಿಗಳನ್ನು ಕೊಂಡವರೂ ನಾವೇ ಅಲ್ವಾ? ಅದನ್ನು ನಾನು ಆಗ ಬರೆಯಲಿಲ್ಲ.

ಅದಕ್ಕೇ ಗಣೇಶನ ಹಬ್ಬಕ್ಕೆ ಒಂದು ದಿನದ ವ್ರತ. ಮನೆಯಿಂದಲೇ ತಟ್ಟೆ, ಲೋಟ, ಚಮಚ ತನ್ನಿ. ನೀರಿಗೆ ಡ್ರಮ್ ಇಡುತ್ತೇವೆ. “ತೊಳೆಯುವವರು ಯಾರು?” ಎಂದು ಸಮಿತಿಯಲ್ಲಿ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಅವರವರ ತಟ್ಟೆ ಅವರವರೇ ತೊಳೆಯುವುದು ಎಂದಾಯಿತು. ಗಂಡಸರೂ. ಮರೆತು ಬಂದವರಿಗೆ ನಮ್ಮ ಮನೆಯ ಮೂವತ್ತು ತಟ್ಟೆ ಇರುತ್ತವೆ. ಲೋಟದ ಮೇಲೆ ಹೆಸರು ಕೆತ್ತಿಸಿದ್ದರೆ ಒಳ್ಳೆಯದು, ಅದಲು ಬದಲಾಗುವುದಿಲ್ಲ. ನಮ್ಮದರ ಮೇಲೆ ಅಜ್ಜಿಯ ಹೆಸರು, ಮದುವೆಯ ತಾರೀಖು ಇದೆ. ಅಕಸ್ಮಾತ್ ನಿಮ್ಮ ಚೀಲ ಸೇರಿದರೆ ದಯವಿಟ್ಟು ವಾಪಸ್ ಕೊಡಿ.