ಆಖೆನ್‌ನ ಬಹುಮಾನ, ನಮ್ಮ ಮಕ್ಕಳಿಗೂ

ಸಂಪಾದಕರೇ,

ಮಗಳು ಜರ್ಮನಿಯ ಆಖೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ಅವಳ ಹತ್ತಿರ ಹೋಗಿದ್ದೆ. ಒಂದು ಭಾನುವಾರ ವಾಲ್ಸ್ ಗುಡ್ಡ ಹತ್ತಿದೆವು. ಅಲ್ಲೊಂದು ಗಡಿಕಲ್ಲು. ಸುತ್ತ ಒಂದು ಸುತ್ತು ಬಂದರೆ ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಮುಗಿದವು! ಪೊಲೀಸರಿಲ್ಲ, ಗೇಟಿಲ್ಲ. ಮೊಬೈಲ್ ಮಾತ್ರ 'ಸ್ವಾಗತ' ಅಂತ ಮೆಸೇಜ್ ಕಳಿಸುತ್ತಲೇ ಇತ್ತು.

ಆಖೆನ್‌ನಲ್ಲಿ 2008ರಿಂದ ಶಾರ್ಲಮೇನ್ ಯುವ ಪ್ರಶಸ್ತಿ ಕೊಡುತ್ತಾರೆ. ಶಾರ್ಲಮೇನ್ ಅಂದರೆ ಹಳೇ ಕಾಲದ ಯುರೋಪಿನ ಒಬ್ಬ ಸಾಮ್ರಾಟ. ಯುರೋಪಿಯನ್ ಪಾರ್ಲಿಮೆಂಟು ಮತ್ತು ಆಖೆನ್‌ನ ಪ್ರತಿಷ್ಠಾನ ಸೇರಿ ನಡೆಸುವ ಸ್ಪರ್ಧೆ. 16ರಿಂದ 30 ವರ್ಷದವರು ತಾವೇ ಮಾಡಿದ ಕೆಲಸ ತೋರಿಸಬೇಕು. ಪ್ರಜಾಪ್ರಭುತ್ವದ ಅರಿವು, ಗಡಿ ದಾಟಿದ ಗೆಳೆತನ, ಹೀಗೆ. ಮೊದಲು ದೇಶಕ್ಕೊಂದರಂತೆ ಆರಿಸಿ, ಕೊನೆಗೆ ಮೂರಕ್ಕೆ ಬಹುಮಾನ. ಮೊದಲನೆಯದಕ್ಕೆ 7,500 ಯೂರೊ. ದುಡ್ಡು ಜಾಸ್ತಿಯೇನಲ್ಲ, ಅಲ್ವಾ?

ಬಹುಮಾನ ಗೆದ್ದವುಗಳಲ್ಲಿ ನನಗೆ ಹಿಡಿಸಿದ್ದು ಚೆಕ್ ದೇಶದ ವಿದ್ಯಾರ್ಥಿಗಳ ಕೆಲಸ. ಸುಳ್ಳುಸುದ್ದಿ ಪತ್ತೆ ಮಾಡುವುದನ್ನು ಆಟ ಮಾಡಿ ಶಾಲೆಗಳಿಗೆ ಒಯ್ದರು. ಒಗಟು ಬಿಡಿಸುತ್ತಾ ಹೋದಂತೆ ಮಕ್ಕಳಿಗೆ ಸುಳ್ಳು ಎಲ್ಲಿದೆ ಅಂತ ತಾನೇ ಗೊತ್ತಾಗುತ್ತದೆ. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವಳು ನಾನು. ಸುಮ್ನೆ ಬಾಯಿಪಾಠ ಮಾಡಿಸಿದೆನಲ್ಲ ಅನ್ನಿಸಿತು.

ಇನ್ನೊಂದು ವಿಷಯ. ಸ್ಪರ್ಧೆಗೆ ಯುರೋಪಿಯನ್ ಒಕ್ಕೂಟದ ದೇಶಗಳ ಪೌರರೇ ಆಗಬೇಕೆಂದಿಲ್ಲ, ಅಲ್ಲಿನ ನಿವಾಸಿಗಳಾದರೂ ಸಾಕು. ಮಗಳಿಗೆ ಹೇಳಿದರೆ, "ಅಮ್ಮಾ, ಪರೀಕ್ಷೆ ಮುಗೀಲಿ" ಅಂದಳು. ಅಲ್ಲಿ ಓದುತ್ತಿರುವ ಕನ್ನಡದ ಮಕ್ಕಳು ಬಹಳಷ್ಟಿದ್ದಾರೆ. ನಿಮ್ಮ ಯುವ ಪುಟದಲ್ಲಿ ಇದರ ಬಗ್ಗೆ ಒಂದು ಸಲ ಬರೆಯಿರಿ.

– ನಿವೃತ್ತ ಶಿಕ್ಷಕಿ, ಧಾರವಾಡ